‘ಚೆನ್ನಾಗಿದೆ ಮಿಸ್’ ಅಂದಮೇಲೆ ಮುಂದೇನು?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕಿ. ಎಂಟನೇ ತರಗತಿಯ ಮಕ್ಕಳಿಗೆ ಗೆಳೆಯರ ಚಿತ್ರದ ಬಗ್ಗೆ ಮಾತಾಡಿ ಅಂದರೆ ‘ಚೆನ್ನಾಗಿದೆ’ ಅನ್ನುತ್ತಾರೆ, ಇಲ್ಲವೇ ನಗುತ್ತಾರೆ. ಹೋದ ವಾರ ಒಬ್ಬ ಹುಡುಗಿ ಅತ್ತುಬಿಟ್ಟಳು. ತಮ್ಮ ಚಿತ್ರದ ಬಗ್ಗೆ ಕೇಳಿದರೆ ‘ನಂಗೆ ಬರಲ್ಲ’ ಅನ್ನೋದೇ ಉತ್ತರ. ಇದನ್ನು ನಿಲ್ಲಿಸಿಬಿಡಲೇ?

ಉತ್ತರ: ನಿಲ್ಲಿಸಬೇಡಿ. ಮಕ್ಕಳ ಚಿತ್ರಗಳನ್ನು ಮಾತ್ರ ಸ್ವಲ್ಪ ದಿನ ಪಕ್ಕಕ್ಕಿಡಿ. ಅವರಿಗೆ ಇನ್ನೂ ನಿಧಾನವಾಗಿ ನೋಡುವ ಅಭ್ಯಾಸವಾಗಿಲ್ಲ. ಅಷ್ಟರಲ್ಲೇ ತೀರ್ಪು ಕೇಳಿದರೆ ‘ಚೆನ್ನಾಗಿದೆ’ ಬಿಟ್ಟು ಬೇರೇನು ಹೇಳುತ್ತಾರೆ?

ಯಾರ ಮನಸ್ಸಿಗೂ ನೋವಾಗದ ಚಿತ್ರದಿಂದ ಶುರು ಮಾಡಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಎಸ್.ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರವಿದೆಯಲ್ಲ, ಅದರ ಪ್ರಿಂಟ್ ಒಂದನ್ನು ಗೋಡೆಗೆ ಅಂಟಿಸಿ. ಎರಡು ನಿಮಿಷ ಸುಮ್ನೆ ನೋಡಲಿ. ಆಮೇಲೆ ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಿಸಿ. ಬೆರಳುಗಳು ಕೆಂಪಗೆ ಹೊಳೆಯುತ್ತಿವೆ, ಮುಖದ ಮೇಲೆ ಬೆಳಕಿದೆ, ಸುತ್ತ ಕತ್ತಲು. ಯಾರಾದರೂ ‘ಜೀವ ಇದೆ’ ಅಂದರೆ ‘ಎಲ್ಲಿ ನೋಡಿ ಹಾಗನ್ನಿಸಿತು?’ ಅಂತ ಕೇಳಿ. ಮಗು ಎದ್ದು ಬಂದು ಆ ಜಾಗವನ್ನು ಬೆರಳಿಟ್ಟು ತೋರಿಸಬೇಕು. ಇದು ಜಲವರ್ಣ ಅಂತ ಕೊನೆಯಲ್ಲಿ ಹೇಳಿ. ಮಕ್ಕಳು ಮತ್ತೆ ಹತ್ತಿರ ಬಂದು ನೋಡುತ್ತಾರೆ.

ಅಮೆರಿಕದ ಕಲಾಶಿಕ್ಷಣ ತಜ್ಞ ಎಡ್ಮಂಡ್ ಫೆಲ್ಡ್‌ಮನ್ ಹೇಳಿದ ಕ್ರಮವೂ ಇದೇ. ಮೊದಲು ಏನಿದೆ, ಆಮೇಲೆ ಅದನ್ನು ಹೇಗೆ ಜೋಡಿಸಿದ್ದಾರೆ, ಏನು ಹೇಳುತ್ತಿದೆ. ಒಳ್ಳೆಯದೋ ಅಲ್ಲವೋ ಅನ್ನೋದು ಎಲ್ಲಕ್ಕಿಂತ ಕೊನೆಗೆ.

ಇದು ಕೈಗೆ ಹತ್ತಿದ ಮೇಲೆ ತರಗತಿಯ ಚಿತ್ರಗಳಿಗೆ ಬನ್ನಿ. ಮೊದಲ ಸಲ ನಿಮ್ಮದೇ ಅರ್ಧ ಮುಗಿದ ಚಿತ್ರ ಇಡಿ. ನೀವು ಕೇಳಿಸಿಕೊಳ್ಳುವ ರೀತಿಯನ್ನು ಅವರು ಗಮನಿಸುತ್ತಾರೆ. ಆಮೇಲೆ ಒಂದು ಪೀರಿಯಡ್‌ಗೆ ಮೂರ್ನಾಲ್ಕು ಚಿತ್ರ ಸಾಕು, ಅದೂ ತಾವಾಗಿ ಮುಂದೆ ಬಂದವರದು. ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ವಿಧಾನದಲ್ಲಿ ನನಗೆ ತುಂಬಾ ಇಷ್ಟವಾದ ನಿಯಮವೊಂದಿದೆ: ಕೃತಿ ಮಾಡಿದವರು ಒಪ್ಪಿದರೆ ಮಾತ್ರ ಬೇರೆಯವರು ಅಭಿಪ್ರಾಯ ಹೇಳಬೇಕು. ಪ್ರಶ್ನೆಯೊಳಗೂ ತೀರ್ಪು ಅಡಗಿರಬಾರದು. ‘ಆಕಾಶ ಯಾಕೆ ಇಷ್ಟು ಗಲೀಜು?’ ಅನ್ನೋದು ಬೈಗುಳವೇ ಅಲ್ವಾ? ‘ಇದು ಯಾವ ಹೊತ್ತಿನ ಆಕಾಶ?’ ಅಂದರೆ ಚಿತ್ರ ಬರೆದವಳೇ ಯೋಚನೆ ಮಾಡುತ್ತಾಳೆ. ನಕ್ಕವರನ್ನು ಮಾತ್ರ ಆ ಕ್ಷಣವೇ ತಡೆಯಿರಿ, ಅದರಲ್ಲಿ ರಿಯಾಯಿತಿ ಬೇಡ. ಅತ್ತ ಹುಡುಗಿಯ ಜೊತೆ ಒಂಟಿಯಾಗಿ ಕೂತು ಮಾತಾಡಿ. ಅವಳಾಗಿ ಕೇಳುವ ತನಕ ಅವಳ ಚಿತ್ರ ಗೋಡೆಗೆ ಬರುವುದು ಬೇಡ.

‘ನಂಗೆ ಬರಲ್ಲ’ ಅನ್ನುವ ಮಗು ತನ್ನ ಬಗ್ಗೆ ಹೇಳುತ್ತಿದೆ, ಚಿತ್ರದ ಬಗ್ಗೆ ಅಲ್ಲ. ‘ಸರಿ ಬಂದ ಒಂದು ಜಾಗ ತೋರಿಸು, ಮತ್ತೆ ಬರೆಯಬೇಕು ಅನ್ನಿಸುವ ಒಂದು ಜಾಗ ತೋರಿಸು’ ಅನ್ನಿ. ಆಮೇಲೆ ಹೊಸ ಹಾಳೆ ಕೊಡಿ. ಇದನ್ನು ದಯವಿಟ್ಟು ಬಿಡಬೇಡಿ. ತಿದ್ದಿ ಬರೆಯಲು ಅವಕಾಶವೇ ಇಲ್ಲದಿದ್ದರೆ ವಿಮರ್ಶೆಯಿಂದ ಮಗುವಿಗೆ ಏನು ಸಿಕ್ಕಿತು? ಅಮೆರಿಕದ ಐಡಹೊ ರಾಜ್ಯದಲ್ಲಿ ಒಂದನೇ ತರಗತಿಯ ಹುಡುಗನೊಬ್ಬ ಚಿಟ್ಟೆಯ ಫೋಟೊ ನೋಡಿ ಆರು ಸಲ ಚಿತ್ರ ಬರೆದ. ಗೆಳೆಯರು ಮೊದಲು ರೆಕ್ಕೆಯ ಆಕಾರದ ಬಗ್ಗೆ ಮಾತ್ರ ಹೇಳಿದರು, ಆಕಾರ ಕೂತ ಮೇಲೆ ಗೆರೆ-ಪಟ್ಟೆಗಳ ಬಗ್ಗೆ. ಮೊದಲನೆಯದು ಪುಟ್ಟ ಮಗುವಿನ ಗೀಚು. ಆರನೆಯದರಲ್ಲಿ ಅದು ಯಾವ ಜಾತಿಯ ಚಿಟ್ಟೆ ಅಂತಲೇ ಗುರುತಿಸಬಹುದು.

ಇನ್ನೊಂದು ಮಾತು. ತಿದ್ದುವ ನೆಪದಲ್ಲಿ ಮಗುವಿನ ಹಾಳೆಯ ಮೇಲೆ ನಿಮ್ಮ ಪೆನ್ಸಿಲ್ ಆಡಿಸಬೇಡಿ. ಬೇಕಾದರೆ ಪಕ್ಕದಲ್ಲಿ ಬೇರೆ ಚೂರು ಕಾಗದ ಇಟ್ಟು ಬರೆದು ತೋರಿಸಿ. ಚರ್ಚೆಯ ದಿನ ಅಂಕವನ್ನೂ ಕೊಡಬೇಡಿ.