ಎಸೆಯುವ ತೋಳು ನೋಯುವುದು ಪಿಚರ್‌ಗಷ್ಟೇ ಅಲ್ಲ

ಪ್ರಶ್ನೆ: ನಾನು ಬೇಸ್‌ಬಾಲ್‌ನಲ್ಲಿ ಔಟ್‌ಫೀಲ್ಡರ್, ಅಂದರೆ ಮೈದಾನದ ದೂರದ ಭಾಗದಲ್ಲಿ ನಿಲ್ಲುವ ಫೀಲ್ಡರ್. ಪಂದ್ಯಕ್ಕೆ ನಾಲ್ಕೈದು ಸಲ ಜೋರಾಗಿ ಎಸೆದರೆ ಹೆಚ್ಚು. ಆದರೂ ಮೊಣಕೈಯ ಒಳಬದಿ ನೋಯುತ್ತದೆ. ಏಕೆ?

ಉತ್ತರ: ಎಸೆತ ಕಡಿಮೆ ಇರುವುದೇ ಇಲ್ಲಿ ತೊಡಕು. ಬ್ಯಾಟರ್‌ಗೆ ಚೆಂಡು ಎಸೆಯುವ ಪಿಚರ್ ಪ್ರತಿ ಇನ್ನಿಂಗ್ಸ್‌ಗೂ ಮುನ್ನ ಕೈ ಬೆಚ್ಚಗೆ ಮಾಡಿಕೊಳ್ಳುತ್ತಾನೆ. ನೀವೋ, ಬಹಳ ಹೊತ್ತು ಸುಮ್ಮನೆ ನಿಂತು, ಚೆಂಡು ಬಂದೊಡನೆ ತಣ್ಣಗಿನ ತೋಳಿನಿಂದ ಪೂರ್ತಿ ಬಲ ಹಾಕುತ್ತೀರಿ. ಹಿಂದಕ್ಕೆ ಬಾಗಿದ ತೋಳು ಮುಂದಕ್ಕೆ ತಿರುಗುವ ಕ್ಷಣ ಮೊಣಕೈಯ ಒಳಬದಿ ಬಿರಿಯುವಂತೆ ಎಳೆತ ಬೀಳುತ್ತದೆ. ಅದನ್ನು ತಡೆಯುವುದು ಅಲ್ನಾರ್ ಕೊಲ್ಯಾಟರಲ್ ಲಿಗಮೆಂಟ್, ಅಂದರೆ ಅಲ್ಲಿ ಮೂಳೆಗಳನ್ನು ಕಟ್ಟಿಹಿಡಿಯುವ ಗಟ್ಟಿ ಪಟ್ಟಿ. ಮುಂಗೈ ಸ್ನಾಯುಗಳು ದಣಿದಿದ್ದರೆ ಭಾರವೆಲ್ಲ ಅದರ ಮೇಲೆಯೇ.

1974ರಲ್ಲಿ ಡಾ. ಫ್ರಾಂಕ್ ಜೋಬ್ ಇದೇ ಲಿಗಮೆಂಟಿಗೆ ಶಸ್ತ್ರಚಿಕಿತ್ಸೆ ಮಾಡಿದ್ದು ಪಿಚರ್ ಟಾಮಿ ಜಾನ್‌ಗೆ. ಆ ಶಸ್ತ್ರಚಿಕಿತ್ಸೆಗೆ ಹೆಸರೂ ಟಾಮಿ ಜಾನ್ ಅವರದೇ ಉಳಿಯಿತು. ಆದರೆ 2022ರಲ್ಲಿ ಅದಕ್ಕೆ ಒಳಗಾದ ಅಮೆರಿಕದ ಆಟಗಾರ ಬ್ರೈಸ್ ಹಾರ್ಪರ್ ಆಗ ಔಟ್‌ಫೀಲ್ಡರ್. ಮರುವರ್ಷ ಮೇ ತಿಂಗಳಲ್ಲಿ ಅವರು ಮರಳಿದ್ದು ಬ್ಯಾಟಿಂಗಿಗೆ ಮಾತ್ರ. ಬ್ಯಾಟ್ ಬೀಸುವ ಕೈ ಬೇಗ ಸಿದ್ಧವಾಗುತ್ತದೆ, ಎಸೆಯುವ ಕೈಗೆ ಕಾಲ ಬೇಕು.

ಇನ್ನಿಂಗ್ಸ್‌ಗಳ ನಡುವೆ ಇನ್ನೊಬ್ಬ ಫೀಲ್ಡರ್ ಜೊತೆ 20ರಿಂದ 30 ಮೀಟರ್ ದೂರಕ್ಕೆ ಆರೆಂಟು ಎಸೆತ ಹಾಕಿ. ಚೆಂಡು ಹಿಡಿದಲ್ಲಿಂದಲೇ ಎಸೆಯಬೇಡಿ. ಒಂದು ಕುಪ್ಪಳಿಕೆ ಹಾಕಿ, ಭುಜವನ್ನು ಗುರಿಯತ್ತ ತಿರುಗಿಸಿ, ಕಾಲು ಮತ್ತು ಸೊಂಟದ ಬಲ ಚೆಂಡಿಗೆ ಬರಲಿ. ಮೊಣಕೈ ಭುಜದ ಮಟ್ಟಕ್ಕಿಂತ ಕೆಳಗೆ ಜೋತರೆ ಎಳೆತ ಹೆಚ್ಚು. ಹೋಮ್‌ಗೆ (ಬ್ಯಾಟರ್ ನಿಲ್ಲುವ ತಾಣಕ್ಕೆ) ನೇರ ಎಸೆದು ಚಪ್ಪಾಳೆ ಗಿಟ್ಟಿಸುವ ಚಪಲ ಬಿಟ್ಟು ನಡುವೆ ನಿಂತು ಚೆಂಡು ಹಿಡಿದು ಮುಂದಕ್ಕೆ ದಾಟಿಸುವ ಕಟ್‌ಆಫ್ ಆಟಗಾರನಿಗೆ ಕೊಡಿ.

ಇದೆಲ್ಲ ಮತ್ತೆ ಆಟಕ್ಕಿಳಿದ ಮೇಲೆ. ಈಗ ಎಸೆತ ನಿಲ್ಲಿಸಿ. ನೋವು ಪೂರ್ತಿ ಹೋಗಿ, ಕೈ ಸಲೀಸಾಗಿ ಮಡಚಿ ಚಾಚಲು ಬಂದ ಮೇಲೆ 14 ಮೀಟರ್‌ನಿಂದ ಶುರು: 25 ಎಸೆತ, ಹತ್ತು ನಿಮಿಷ ವಿರಾಮ, ಮತ್ತೆ 25. ದಿನ ಬಿಟ್ಟು ದಿನ. ಎರಡು ದಿನದ ಸರದಿ ನೋವಿಲ್ಲದೆ ಮುಗಿದರೆ 18 ಮೀಟರ್, ಆಮೇಲೆ 27, 36, 45. ನೋವು ಮರಳಿದರೆ ಹಿಂದಿನ ದೂರಕ್ಕೆ ಇಳಿಯಿರಿ. ಎಸೆಯುವಾಗ ‘ಟಪ್’ ಎಂದು ಸದ್ದಾದರೆ, ಉಂಗುರ ಬೆರಳು ಕಿರುಬೆರಳು ಜೋಮು ಹಿಡಿದರೆ ಕಾಯದೆ ಮೂಳೆ ತಜ್ಞರಿಗೆ ತೋರಿಸಿ.

ಪ್ರಶ್ನೆ: ಮಗನಿಗೆ 12 ವರ್ಷ. ಒಂದೇ ದಿನ ಪಿಚಿಂಗೂ ಮಾಡುತ್ತಾನೆ, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗಿಯೂ ಆಡುತ್ತಾನೆ. ಪರವಾಗಿಲ್ಲವೇ?

ಉತ್ತರ: ಬೇಡ. ಕ್ಯಾಚರ್ ಬಹುತೇಕ ಪ್ರತಿ ಚೆಂಡನ್ನೂ ಪಿಚರ್‌ಗೆ ಹಿಂದಿರುಗಿಸಬೇಕು. ಆ ಎಸೆತಗಳನ್ನು ಯಾರೂ ಎಣಿಸುವುದಿಲ್ಲ. 41 ಅಥವಾ ಹೆಚ್ಚು ಪಿಚ್ (ಪಿಚರ್ ಆಗಿ ಎಸೆತ) ಹಾಕಿದ ಹುಡುಗ ಆ ದಿನ ಕ್ಯಾಚರ್ ಆಗುವಂತಿಲ್ಲ ಎಂಬ ನಿಯಮ ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್‌ನಲ್ಲಿದೆ. ಈ ವಯಸ್ಸಿನಲ್ಲಿ ಲಿಗಮೆಂಟಿಗಿಂತ ಮೂಳೆ ತುದಿಯ ಬೆಳವಣಿಗೆಯ ಪದರವೇ ದುರ್ಬಲ, ಪೆಟ್ಟು ಬೀಳುವುದು ಅದಕ್ಕೆ. ನೋವಿನ ಮಾತ್ರೆ ಕೊಟ್ಟು ಆಡಿಸಬೇಡಿ.

ಪ್ರಶ್ನೆ: ಆಟದ ನಂತರ ಐಸ್ ಇಡಬೇಕೇ?

ಉತ್ತರ: ಹಿತವೆನಿಸಿದರೆ ಬಟ್ಟೆ ಸುತ್ತಿ 15 ನಿಮಿಷ. ಮೊಣಕೈಯ ಒಳಬದಿ ನರ ಚರ್ಮದಡಿಯೇ ಇದೆ, ಹೆಚ್ಚು ಹೊತ್ತು ಬೇಡ. ಐಸ್ ನೋವು ತಗ್ಗಿಸುತ್ತದೆಯೇ ಹೊರತು ಹರಿದ ಲಿಗಮೆಂಟ್ ಕೂಡಿಸುವುದಿಲ್ಲ.