ರೇಸ್ ಕುದುರೆಗೆ ರಾಜಾ ಸಾರ್ ಮ್ಯೂಸಿಕ್: ಓದುಗರು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ನಮಸ್ತೆ ಸಾರ್, ಅಮೆರಿಕದ ರೇಸ್ ಕುದುರೆ ಸೆಕ್ರೆಟೇರಿಯಟ್ ಅಂದ್ರೆ ನನಗೆ ಹುಚ್ಚು, 'ಪಲ್ಲವಿ ಅನುಪಲ್ಲವಿ' ಮ್ಯೂಸಿಕ್ ಅಂದ್ರೆ ನಮ್ಮನೇಲಿ ಎಲ್ರಿಗೂ ಪ್ರಾಣ. ಎರಡನ್ನೂ ಸೇರಿಸಿ ಅದು ಗೆದ್ದ 1973ರ ಬೆಲ್ಮಾಂಟ್ ರೇಸಿನ ಹಳೇ ವಿಡಿಯೋ ಮೇಲೆ ಒಂದು ಟ್ರಿಬ್ಯೂಟ್ ಮಾಡಿದೀನಿ. ಪ್ರತಿ ಬೀಟಿಗೂ ಕಟ್ ಕೊಟ್ಟಿದೀನಿ, ಸ್ಲೋ ಮೋಷನ್ನೂ ಇದೆ. ಆದ್ರೂ ನೋಡಿದೋರೆಲ್ಲ "ಯಾವ್ದೋ ಆ್ಯಡ್ ಇದ್ದಂಗಿದೆ ಕಣೋ" ಅಂತಾರೆ. ಎಲ್ಲಿ ಕೈ ಕೊಡ್ತಿದೆ? (ಹಾಸನ)

ಉತ್ತರ: ಆ್ಯಡ್ ಥರ ಇದೆ ಅಂದೋರ ತಪ್ಪೇನಿಲ್ಲ ಬಿಡಿ. 1983ರಲ್ಲಿ ಇಳಯರಾಜ ಆ ಚಿತ್ರಕ್ಕೆ ಮಾಡಿದ ಆ ಟ್ಯೂನು ಆಮೇಲೆ ಐಡಿಯಾ ಮೊಬೈಲ್ ಕಂಪನಿ ಜಾಹೀರಾತಲ್ಲಿ ಬಂದು ಊರೆಲ್ಲ ರಿಂಗ್‌ಟೋನ್ ಆಗಿ ಕೂತ್ಕೊಂಡ್ತು. ಹಂಗಾಗಿ ಮೊದಲ ನಾಲ್ಕು ಸ್ವರ ಕಿವಿಗೆ ಬಿದ್ದ ತಕ್ಷಣ ನೋಡೋನಿಗೆ ಕುದುರೆ ಕಾಣಲ್ಲ, ಫೋನು ಕಾಣತ್ತೆ. ಅದಕ್ಕೇ ಆ ಟ್ಯೂನಿಂದ ಶುರು ಮಾಡ್ಬೇಡಿ. ಕುದುರೆ ನಮ್ಮ ಮನಸ್ಸಲ್ಲಿ ಪೂರ್ತಿ ಕೂತ ಮೇಲೆ ಬರ್ಲಿ.

ಇನ್ನು ಬೀಟಿಗೆ ಕಟ್ ಮಾಡೋ ವಿಷಯ, ನನ್ನ ದೊಡ್ಡ ತಕರಾರು ಇರೋದು ಇಲ್ಲೇ. ಈ ರೇಸು ಒಟ್ಟು 2 ನಿಮಿಷ 24 ಸೆಕೆಂಡು, ಒಂದೂವರೆ ಮೈಲಿ, ಇವತ್ತಿಗೂ ಆ ದೂರಕ್ಕೆ ಡರ್ಟ್ ಟ್ರ್ಯಾಕಲ್ಲಿ, ಅಂದ್ರೆ ಮಣ್ಣಿನ ಟ್ರ್ಯಾಕಲ್ಲಿ, ಅದೇ ದಾಖಲೆ. ಅದನ್ನ ನೀವು ಚೂರು ಚೂರು ಮಾಡಿದ್ರೆ ಆ 2:24 ಎಲ್ಲಿ ಉಳೀತು? ಆ ಕುದುರೆ ಮಾಡಿದ ಕೆಲಸವೇ ಸಮಯದ ಕೆಲಸ, ಅದನ್ನ ಕತ್ತರಿಸಿ ಸ್ಲೋ ಮಾಡಿ ಎಳೆದ್ರೆ ಅದರ ಗೆಲುವನ್ನ ನಾವೇ ಕಿತ್ಕೊಂಡಂಗೆ. ನನ್ನ ಸಲಹೆ ಏನಂದ್ರೆ, ಗೇಟ್ ತೆರೆದಾಗಿಂದ ಗೆರೆ ದಾಟೋವರೆಗೂ ಒಂದು ಕಟ್ಟೂ ಬೇಡ. ಮ್ಯೂಸಿಕ್ಕೇ ರೇಸಿನ ಹಿಂದೆ ಓಡಲಿ, ರೇಸನ್ನ ಮ್ಯೂಸಿಕ್ಕಿನ ಹಿಂದೆ ಓಡಿಸ್ಬೇಡಿ.

ಆ ರೇಸು ತನ್ನಷ್ಟಕ್ಕೆ ತಾನೇ ಒಂದು ಚಿತ್ರಕಥೆ ಇದ್ದಂಗಿದೆ, ಸ್ವಲ್ಪ ಗಮನ ಕೊಟ್ಟು ನೋಡಿ. ಓಡಿದ್ದು ಐದೇ ಕುದುರೆ. ಶುರುವಲ್ಲಿ ಶ್ಯಾಮ್ ಅನ್ನೋ ಕುದುರೆ ಸೆಕ್ರೆಟೇರಿಯಟ್ ಪಕ್ಕಕ್ಕೆ ಅಂಟಿಕೊಂಡು ಓಡತ್ತೆ, ಇಬ್ಬರೂ ಮೊದಲ ಆರು ಫರ್ಲಾಂಗನ್ನ, ಅಂದ್ರೆ ಮುಕ್ಕಾಲು ಮೈಲಿನ, ಹುಚ್ಚು ವೇಗದಲ್ಲಿ ಮುಗಿಸ್ತಾರೆ, ಗಡಿಯಾರ 1 ನಿಮಿಷ 10 ಸೆಕೆಂಡಿನ ಒಳಗೇ ಇದೆ, ಅರ್ಧ ದೂರ ಇನ್ನೂ ಬಾಕಿ, ತಿಳಿದೋರೆಲ್ಲ ಎರಡೂ ಸುಸ್ತಾಗಿ ಬೀಳ್ತಾವೆ ಅಂದ್ಕೊಳ್ಳೋ ಹೊತ್ತು. ಬಿದ್ದಿದ್ದು ಶ್ಯಾಮ್ ಒಂದೇ, ಪಾಪ ಕೊನೆಗೆ ಐದನೇದಾಗಿ ಬಂತು. ಇನ್ನೊಂದು ಹೋಗ್ತಾನೇ ಇತ್ತು, ಗೆರೆ ಹತ್ರ ಬರೋ ಹೊತ್ತಿಗೆ 31 ಲೆಂಗ್ತ್ (ಒಂದು ಲೆಂಗ್ತ್ ಅಂದ್ರೆ ಒಂದು ಕುದುರೆ ಉದ್ದ) ಅಂತರ, ಜಾಕಿ ರಾನ್ ಟರ್ಕಾಟ್ ಎಡಗಡೆ ಕತ್ತು ತಿರುಗಿಸಿ ಟೈಮ್ ಬೋರ್ಡ್ ನೋಡ್ತಾನೆ, ಯಾಕಂದ್ರೆ ಅಷ್ಟೊತ್ತಿಗೆ ಪೈಪೋಟಿಗೆ ಅಂತ ಉಳಿದಿದ್ದು ಗಡಿಯಾರ ಮಾತ್ರ.

ಈಗ ಹೇಳಿ, ಮ್ಯೂಸಿಕ್ ಎಲ್ಲಿ ಬರ್ಬೇಕು? ಶ್ಯಾಮ್ ಪಕ್ಕದಲ್ಲಿರೋವರೆಗೂ ಬೇಡವೇ ಬೇಡ, ಬರೀ ಜನದ ಗಲಾಟೆ, ಕಾಮೆಂಟ್ರಿ, ಅಷ್ಟೇ. ಶ್ಯಾಮ್ ಹಿಂದಕ್ಕೆ ಸರಿಯೋ ಕಡೆ ಸಣ್ಣಗೆ ಶುರುವಾಗ್ಲಿ, ತಿರುವಲ್ಲಿ ಕಾಮೆಂಟ್ರಿ ನಿಧಾನಕ್ಕೆ ಮುಳುಗ್ಲಿ, ನೇರ ದಾರಿಗೆ ಬರೋ ಹೊತ್ತಿಗೆ ವಯಲಿನ್ ಗುಂಪು ಪೂರ್ತಿ ಎದ್ದಿರ್ಲಿ. ಆ ಪ್ರೇಮದ ನೋವಿನ ಟ್ಯೂನು ಗೆದ್ದ ಕುದುರೆಗೆ ಯಾಕೆ ಅಂತ ಯಾರಾದ್ರೂ ಕೇಳ್ಬಹುದು, ನನಗಂತೂ ಅದು ಸರಿ ಅನ್ಸತ್ತೆ, ಅಷ್ಟು ಮುಂದೆ ಹೋದೋನು ಒಂಟಿಯಾಗೇ ಇರ್ತಾನೆ. ತಮಟೆ, ಡ್ರಮ್ಮು ಹಾಕಿ ವೀರಾವೇಶ ಮಾಡೋದು ಎಲ್ರೂ ಮಾಡ್ತಾರೆ.

ತಾಳದ ಒಂದು ಲೆಕ್ಕ ಹೇಳ್ತೀನಿ. ರೇಸ್ ಕುದುರೆ ನಾಗಾಲೋಟದಲ್ಲಿ ಸೆಕೆಂಡಿಗೆ ಎರಡೂಕಾಲು ಎರಡೂವರೆ ಸ್ಟ್ರೈಡ್ (ನಾಲ್ಕೂ ಕಾಲಿನ ಒಂದು ಸುತ್ತು) ಹಾಕತ್ತೆ, ನಿಮಿಷಕ್ಕೆ ಹೆಚ್ಚುಕಮ್ಮಿ 140, ಒಂದೊಂದು ಸ್ಟ್ರೈಡಿಗೆ ಒಂದೇ ಉಸಿರು. ನಿಮ್ಮ ಟ್ಯೂನಿನ ತಾಳ ನಿಮಿಷಕ್ಕೆ 140 ಬೀಟಿನ ಹತ್ರ ಇದ್ರೆ, ಇಲ್ಲಾ ಅದರ ಅರ್ಧ 70ರ ಹತ್ರ ಇದ್ರೆ, ಏನೂ ಮಾಡದೇನೇ ಎರಡೂ ಹೊಂದ್ಕೊಳ್ತಾವೆ. 100ರ ಸುತ್ತ ಬಂತು ಅಂದ್ರೆ ಗೊರಸು ಒಂದು ಕಡೆ, ತಾಳ ಇನ್ನೊಂದು ಕಡೆ. ತೊಡೆ ಮೇಲೆ ತಟ್ಟಿ ಎಣಿಸಿ ಮೊದಲು, ಸಾಫ್ಟ್‌ವೇರ್ ಆಮೇಲೆ ತೆಗೀರಿ.

ಪ್ರಶ್ನೆ: ಗೊರಸಿನ ಸದ್ದು ವಿಡಿಯೋದಲ್ಲಿ ಕೇಳ್ಸೋದೇ ಇಲ್ಲ, ಏನ್ಮಾಡೋದು? (ಅರಸೀಕೆರೆ)

ಉತ್ತರ: ಟಿವಿ ಕ್ಯಾಮೆರಾ ದೂರದಲ್ಲಿರತ್ತೆ, ಕೇಳ್ಸಲ್ಲ. ಸಿನಿಮಾದೋರು ತೆಂಗಿನ ಚಿಪ್ಪಲ್ಲೇ ಮಾಡ್ತಿದ್ರು, ಅರಸೀಕೆರೆಯೋರಿಗೆ ಚಿಪ್ಪು ಎಲ್ಲಿ ಸಿಗತ್ತೆ ಅಂತ ನಾನು ಹೇಳ್ಬೇಕಾ! ಆದ್ರೆ ಕಲ್ಲಿನ ಮೇಲೆ ಕುಟ್ಟಬೇಡಿ, ಜಟಕಾ ಗಾಡಿ ಥರ ಟಕ್ ಟಕ್ ಅನ್ನತ್ತೆ. ಒಂದು ಟ್ರೇಲಿ ಒಣ ಮಣ್ಣು ಹಾಕಿ ಅದರ ಮೇಲೆ ಬಡೀರಿ, ಧಬ್ ಅಂತ ಬರ್ಬೇಕು. ನಾಲ್ಕು ಪೆಟ್ಟು ಒಂದರ ಹಿಂದೊಂದು, ಆಮೇಲೆ ಚೂರು ಖಾಲಿ, ಮತ್ತೆ ನಾಲ್ಕು. ಆ ಖಾಲಿ ಜಾಗದಲ್ಲಿ ಕುದುರೆಯ ನಾಲ್ಕೂ ಕಾಲು ಗಾಳೀಲಿರತ್ತೆ. ಇದನ್ನ 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಅನ್ನೋರು ಸಾಲು ಕ್ಯಾಮೆರಾ ಇಟ್ಟು ಫೋಟೋ ತೆಗೆದು ತೋರಿಸಿದ್ರು, ಸಿನಿಮಾ ಹುಟ್ಟೋಕೆ ದಾರಿ ಮಾಡಿದ ಕೆಲಸಗಳಲ್ಲಿ ಅದೂ ಒಂದು. ಅಂದ್ರೆ ಕುದುರೆ ಓಟಕ್ಕೂ ಸಿನಿಮಾಗೂ ನಂಟು ನಿಮ್ಮಿಂದ ಶುರುವಾಗಿದ್ದಲ್ಲ.

ಪ್ರಶ್ನೆ: ಕೆಳಗಡೆ "ಎಲ್ಲಾ ಹಕ್ಕು ಮೂಲ ಮಾಲೀಕರದ್ದು, ಇದು ಬರೀ ಅಭಿಮಾನಕ್ಕೆ" ಅಂತ ಹಾಕಿದ್ರೂ ನನ್ನ ವಿಡಿಯೋಗೆ ಯೂಟ್ಯೂಬಲ್ಲಿ ಕ್ಲೇಮ್ ಬಂತು. ಚಾನೆಲ್ ಹೋಗತ್ತಾ? (ಸಕಲೇಶಪುರ)

ಉತ್ತರ: ಪಕ್ಕದ ಮನೆ ಕಾಫಿಪುಡಿ ತಂದು ಡಬ್ಬಿ ಮೇಲೆ "ಇದು ಪಕ್ಕದ ಮನೆದು" ಅಂತ ಬರೆದಿಟ್ರೆ ಕೇಳಿ ತಂದಂಗಾಗತ್ತಾ? ಹೆಸರು ಹಾಕೋದು ಮರ್ಯಾದೆ, ಅನುಮತಿ ಅಲ್ಲ. ಗಾಬರಿ ಮಾತ್ರ ಬೇಡ, ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಅಂದ್ರೆ ಕಂಟೆಂಟ್ ಐಡಿ ಅನ್ನೋ ಯಂತ್ರ ಹಾಡನ್ನ ಗುರುತು ಹಿಡಿದಿದೆ ಅಂತ ಅರ್ಥ, ಮಾಲೀಕರು ವಿಡಿಯೋ ತಡೀಬಹುದು, ಜಾಹೀರಾತಿನ ದುಡ್ಡು ತಾವು ತಗೋಬಹುದು, ಇಲ್ಲಾ ಸುಮ್ಮನೆ ಲೆಕ್ಕ ನೋಡ್ಕೊಂಡು ಬಿಡಬಹುದು. ಸ್ಟ್ರೈಕ್, ಅಂದ್ರೆ ಮಾಲೀಕರು ದೂರು ಕೊಟ್ಟು ವಿಡಿಯೋ ತೆಗೆಸೋದು, ಆದ್ರೆ ಕಷ್ಟ, 90 ದಿನದೊಳಗೆ ಮೂರು ಬಿದ್ರೆ ಚಾನೆಲ್ಲೇ ಹೋಗಬಹುದು.

ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಖಾಸಗಿ ಬಳಕೆ, ವಿಮರ್ಶೆ ಅಂತವಕ್ಕೆ ಒಂದಿಷ್ಟು ವಿನಾಯಿತಿ ಇದೆ, ಆದ್ರೆ ಊರಿಗೆಲ್ಲ ಕಾಣೋ ಹಂಗೆ ಪೂರ್ತಿ ಟ್ಯೂನ್ ಹಾಕಿದ ಮೇಲೆ ಖಾಸಗಿ ಅನ್ನೋಕಾಗಲ್ಲ. ಧ್ವನಿಮುದ್ರಣಕ್ಕೆ 60 ವರ್ಷ, ಸಂಗೀತಕ್ಕೆ ಸಂಗೀತಗಾರರ ಕಾಲಾನಂತರ 60 ವರ್ಷ ಹಕ್ಕು ಇರತ್ತೆ, ಎರಡೂ ಬೇರೆ ಬೇರೆ. ಅದಕ್ಕೇ "ನಾನೇ ಕೀಬೋರ್ಡಲ್ಲಿ ನುಡಿಸಿದೆ" ಅಂದ್ರೂ ಪೂರ್ತಿ ಪಾರಾಗಲ್ಲ. ರಾಜಾ ಸಾರ್ ತಮ್ಮ ಹಕ್ಕಿನ ವಿಷಯದಲ್ಲಿ ಎಷ್ಟು ಗಟ್ಟಿ ಅಂದ್ರೆ 2017ರಲ್ಲಿ ಎಸ್‌ಪಿಬಿ ಅವರಿಗೇ ನೋಟಿಸ್ ಹೋಗಿತ್ತು, ನಾವು ನೀವು ಯಾವ ಲೆಕ್ಕ. ರೇಸಿನ ವಿಡಿಯೋಗೂ ಮಾಲೀಕರಿರ್ತಾರೆ, ಅದನ್ನ ಎಲ್ರೂ ಮರೀತಾರೆ. ಮನೇಲಿ ದೊಡ್ಡ ಟಿವಿಗೆ ಹಾಕಿ ನೆಂಟರಿಗೆ ತೋರಿಸೋದಾದ್ರೆ ಆರಾಮಾಗಿ ತೋರಿಸಿ.

ಪ್ರಶ್ನೆ: ನಮ್ಮಪ್ಪ "ಜೂಜಿಗೆ ಹಾಡು ಬೇರೆ ಕೇಡು" ಅಂತ ಬೈತಾರೆ. (ಹೊಳೆನರಸೀಪುರ)

ಉತ್ತರ: 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸು ಕೌಶಲದ ಆಟ ಅಂತ ಹೇಳಿದೆ, ಆದ್ರೆ ಅಪ್ಪನ ಮುಂದೆ ಕೋರ್ಟ್ ತೀರ್ಪು ನಡೆಯಲ್ಲ. ರೇಸಿಗೆ ದುಡ್ಡು ಹಾಕಿ ಮನೆ ಕಳ್ಕೊಂಡೋರನ್ನ ಅವರು ಕಂಡಿರ್ಬಹುದು, ಆ ಕೋಪಕ್ಕೆ ಕಾರಣ ಇದೆ. ವಿಡಿಯೋದಲ್ಲಿ ಬುಕ್ಕಿ ಸ್ಟಾಲು, ರೇಟ್ ಬೋರ್ಡು ಯಾವ್ದೂ ಬೇಡ, ಕುದುರೆ ಮಾತ್ರ ಇರ್ಲಿ. ಆಮೇಲೂ ಬೈದ್ರೆ ಬೈಸ್ಕೊಳಿ.

ಪ್ರಶ್ನೆ: ಬೇರೆಯೋರ ವಿಡಿಯೋ ಸಹವಾಸವೇ ಬೇಡ, ನಾನೇ ಶೂಟ್ ಮಾಡ್ತೀನಿ. ನಮ್ಮ ಕಡೆ ರೇಸ್‌ಕೋರ್ಸ್ ಇಲ್ವಲ್ಲ? (ಚಿಕ್ಕಮಗಳೂರು)

ಉತ್ತರ: ಮೈಸೂರಿಗೆ ಹೋಗಿ. ಅಲ್ಲಿನ ರೇಸ್ ಕ್ಲಬ್ಬು 1891ರದ್ದು, ಹಿಂದೆ ಚಾಮುಂಡಿ ಬೆಟ್ಟ, ಫ್ರೇಮ್ ತಾನಾಗೇ ಸಿಗತ್ತೆ. ಕ್ಯಾಮೆರಾ ಒಳಗೆ ಬಿಡ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಮೊಬೈಲಲ್ಲಿ ಸೆಕೆಂಡಿಗೆ 120 ಫ್ರೇಮ್ ಇಟ್ಕೊಂಡ್ರೆ ಐದು ಪಟ್ಟು ನಿಧಾನ ಮಾಡಿದ್ರೂ ಜರ್ಕ್ ಹೊಡಿಯಲ್ಲ, 30ರಲ್ಲಿ ತೆಗೆದು ಎಳೆದ್ರೆ ಕುದುರೆ ಕುಂಟುತ್ತೆ. ಸ್ಲೋ ಮಾಡೋದಿದ್ರೆ ಪ್ಯಾಡಕ್ಕಲ್ಲಿ (ರೇಸಿಗೆ ಮುಂಚೆ ಕುದುರೆ ಅಡ್ಡಾಡಿಸೋ ಜಾಗ) ಕುದುರೆ ನಡೆಯೋದನ್ನ ಮಾಡಿ, ಓಟ ಹಂಗೇ ಬಿಡಿ. ಫ್ಲ್ಯಾಶ್ ಮಾತ್ರ ಹಾಕ್ಲೇಬೇಡಿ, ಕುದುರೆ ಬೆದರತ್ತೆ, ಮೇಲೆ ಕೂತೋನ ಪ್ರಾಣದ ಪ್ರಶ್ನೆ.

ಟೈಟಲ್ ಕಾರ್ಡಿಗೆ ದೂರ ಹೋಗೋದೇ ಬೇಡ, ಹಳೇಬೀಡಿದೆ. ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆ ಕೆಳಗೆ ಆನೆ ಸಾಲಿನಿಂದ ಮೇಲಕ್ಕೆ ಬಂದ್ರೆ ಕುದುರೆ ಸವಾರರ ಸಾಲೂ ಇದೆ, ಬೆಳಗಿನ ಓರೆ ಬಿಸಿಲಲ್ಲಿ ಗೋಡೆ ಪಕ್ಕದಲ್ಲೇ ನಡ್ಕೊಂಡು ಶೂಟ್ ಮಾಡಿದ್ರೆ ಓಡ್ತಾ ಇದಾವೇನೋ ಅನ್ಸತ್ತೆ. ಟ್ರೈಪಾಡಿಗೆ ಪುರಾತತ್ವ ಇಲಾಖೆ ಅನುಮತಿ ಬೇಕು, ಕೈಯಲ್ಲೇ ಹಿಡ್ಕೊಳಿ.