‘ಮೈ ಗರ್ಲ್’ ಹಾಡಿದ್ದು ಯಾರು?

‘ಮೈ ಗರ್ಲ್’ ಎಂಬ ಅಮೆರಿಕದ ಹಾಡನ್ನು ಹಾಡಿದ್ದು ಗಾಯಕ ಸ್ಮೋಕಿ ರಾಬಿನ್ಸನ್ ಅವರೇ ಎಂದು ಕೇಳಿದ್ದೀರಿ. ಅಲ್ಲ, ಅವರು ಮಿರಕಲ್ಸ್ ತಂಡದ ತಮ್ಮ ಜೊತೆಗಾರ ರೊನಾಲ್ಡ್ ವೈಟ್ ಅವರೊಂದಿಗೆ ಅದನ್ನು ಬರೆದವರು. ಹಾಡಿದ್ದು ಡೆಟ್ರಾಯಿಟ್‌ನ ಟೆಂಪ್ಟೇಷನ್ಸ್ ಎಂಬ ಗಾಯನ ತಂಡ. ಮುಖ್ಯ ದನಿ ಡೇವಿಡ್ ರಫಿನ್ ಅವರದು. ಆ ತುಸು ಒರಟು ಕಂಠಕ್ಕೆ ಇಷ್ಟು ಮೃದುವಾದ ಹಾಡು ಕೊಟ್ಟದ್ದೇ ರಾಬಿನ್ಸನ್ ಅವರ ಜಾಣತನ. 1964ರ ಕೊನೆಯಲ್ಲಿ ಬಂದ ಹಾಡು 1965ರ ಮಾರ್ಚ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು.

ಆರಂಭವನ್ನು ಮಾತ್ರ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲು ಜೇಮ್ಸ್ ಜೇಮರ್ಸನ್ ಅವರ ಬಾಸ್ ಗಿಟಾರ್, ಎದೆಬಡಿತದ ಹಾಗೆ. ಅದರ ಮೇಲೆ ರಾಬರ್ಟ್ ವೈಟ್ (ಹಾಡು ಬರೆದ ವೈಟ್ ಬೇರೆ, ಇವರು ಬೇರೆ) ಗಿಟಾರಿನಲ್ಲಿ ಮೆಟ್ಟಿಲು ಹತ್ತುತ್ತಾರೆ: ಸ ರಿ ಗ ಪ ದ ಸ. ನಮ್ಮ ಮೋಹನ ರಾಗದ ಆರೋಹಣವೇ! ಒಮ್ಮೆ ಗುರುತಿಸಿದರೆ ಮತ್ತೆ ಬೇರೆ ರೀತಿ ಕೇಳಿಸುವುದೇ ಇಲ್ಲ.